ಮುಗಿಯದ ಲೆಕ್ಕಕ್ಕೆ ಮುಗಿಯಿತೆಂಬ ಮೊಹರು

ಖಾತೆಯೊಂದರ ಕೊನೆಯಲ್ಲಿ ಅಡಿಗೆರೆ ಎಳೆದು 'ಬೇಬಾಕಿ' ಎಂದು ಬರೆಯುವ ಮುನ್ನ ಎರಡು ಸಂಗತಿಗಳು ನಡೆದಿರಬೇಕೆಂಬುದು ವ್ಯಾಪಾರ ನೀತಿಯ ಮೊದಲ ಪಾಠ. ಕೊಡತಕ್ಕ ಮೊತ್ತ ಎಷ್ಟೆಂಬುದು ಸರಿಯಾಗಿ ಎಣಿಕೆಯಾಗಿರಬೇಕು. ಪಡೆಯತಕ್ಕವನು ಆ ಎಣಿಕೆಯನ್ನು ಕಂಡು ಒಪ್ಪಿರಬೇಕು. ಇವೆರಡೂ ಆಗದೆ ಎಳೆದ ಗೆರೆಗೆ ಎಷ್ಟು ದೊಡ್ಡ ಮೊಹರನ್ನು ಒತ್ತಿದರೂ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. 2023ರ ಮಾರ್ಚ್ 14ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಭೋಪಾಲ ಅನಿಲ ದುರಂತದ ಪರಿಹಾರವನ್ನು ಮತ್ತೆ ವಿಚಾರಿಸಲು ನಿರಾಕರಿಸಿ, ಕೇಂದ್ರ ಸರ್ಕಾರದ ಕ್ಯುರೇಟಿವ್ ಅರ್ಜಿಯನ್ನು ವಜಾಗೊಳಿಸಿತು. ನ್ಯಾಯಾಲಯದ ದೃಷ್ಟಿಯಲ್ಲಿ ಆ ಖಾತೆ ಅಲ್ಲಿಗೆ ಮುಗಿಯಿತು. ಧರ್ಮದ ದೃಷ್ಟಿಯಲ್ಲಿ ಅದು ಮುಗಿದಿಲ್ಲ, ಮುಗಿಯಲೂ ಬಾರದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಘಟನೆಯ ಚಹರೆ ಎಲ್ಲರಿಗೂ ತಿಳಿದದ್ದು. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ, ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೆಯ ತೊಟ್ಟಿಗೆ ನೀರು ಸೇರಿ, ಅಲ್ಲಿ ಸಂಗ್ರಹಿಸಿದ್ದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಕುದಿದೆದ್ದು ನಿದ್ರಿಸುತ್ತಿದ್ದ ನಗರದ ಮೇಲೆ ಹರಡಿತು. ಆ ದ್ರವವನ್ನು ತಣ್ಣಗಿಡಬೇಕಿದ್ದ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಹೊರಬಂದ ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆ ದುರಸ್ತಿಗೆಂದು ಕಳಚಿತ್ತು. ಕಾರ್ಖಾನೆಯನ್ನು ನಡೆಸುತ್ತಿದ್ದ ಭಾರತೀಯ ಕಂಪನಿಯಲ್ಲಿ ಅಮೆರಿಕದ ಮೂಲ ಕಂಪನಿಯ ಪಾಲು ಶೇಕಡಾ 50.9. ಅರ್ಧಕ್ಕಿಂತ ಹೆಚ್ಚು ಪಾಲುಳ್ಳವನು ಯಜಮಾನನೋ ಅಲ್ಲವೋ ಎಂಬುದು ಸಾಮಾನ್ಯ ಅಂಗಡಿಕಾರನಿಗೂ ಸಂಶಯ ಹುಟ್ಟಿಸುವ ಪ್ರಶ್ನೆಯಲ್ಲ. ಲಾಭಾಂಶವನ್ನು ಪಡೆಯುವಾಗ ಯಜಮಾನನಾಗಿದ್ದವನು ನಷ್ಟವನ್ನು ತುಂಬಿಕೊಡುವಾಗ ದೂರದ ಷೇರುದಾರನಾದದ್ದು ಈ ಕಥೆಯ ಮೊದಲ ಅಧರ್ಮ.

ಎರಡನೆಯದು ನಮ್ಮ ಕಡೆಯಿಂದಲೇ ನಡೆಯಿತು. 1985ರಲ್ಲಿ ಸಂಸತ್ತು ಕಾಯಿದೆಯೊಂದನ್ನು ರಚಿಸಿ, ಸಂತ್ರಸ್ತರೆಲ್ಲರ ಪರವಾಗಿ ದಾವೆ ಹೂಡುವ ಮತ್ತು ರಾಜಿ ಮಾಡಿಕೊಳ್ಳುವ ಹಕ್ಕನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿತು. ಬಡವರೂ ಅಸಂಘಟಿತರೂ ಆದ ಲಕ್ಷಾಂತರ ಜನರು ದೈತ್ಯ ಕಂಪನಿಯೊಡನೆ ಒಬ್ಬೊಬ್ಬರಾಗಿ ಹೋರಾಡಲಾರರು. ಆದುದರಿಂದ ಪ್ರಭುತ್ವವೇ ಪಾಲಕನ ಸ್ಥಾನದಲ್ಲಿ ನಿಂತು ಹೋರಾಡಲಿ ಎಂಬುದು ಅದರ ಹಿಂದಿನ ತತ್ತ್ವ. ತತ್ತ್ವ ಒಳ್ಳೆಯದೇ. 1989ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಪಾಲಕತ್ವವು ಅಧಿಕಾರವಾಗುವುದಕ್ಕೆ ಮುನ್ನ ಹೊಣೆ. ಪಾಲಕನು ಆ ಹೊಣೆಯನ್ನು ನಿರ್ವಹಿಸಿದ ಬಗೆಯನ್ನು ಮುಂದೆ ನೋಡೋಣ.

ಸರ್ಕಾರವು ಮೊದಲು ಅಮೆರಿಕದ ನ್ಯಾಯಾಲಯದ ಬಾಗಿಲು ತಟ್ಟಿತು. 1986ರ ಮೇ 12ರಂದು ನ್ಯೂಯಾರ್ಕಿನ ನ್ಯಾಯಾಧೀಶ ಜಾನ್ ಕೀನನ್ ಅವರು, ಈ ವಿವಾದದ ವಿಚಾರಣೆಗೆ ಭಾರತವೇ ತಕ್ಕ ಸ್ಥಳವೆಂದು ಹೇಳಿ ದಾವೆಯನ್ನು ಹಿಂದಕ್ಕೆ ಕಳುಹಿಸಿದರು. ಭಾರತೀಯ ನ್ಯಾಯಾಲಯಗಳು ಸಮರ್ಥವಾಗಿವೆಯೆಂದು ಅಲ್ಲಿ ಕೊಂಡಾಡಿದ್ದು ಕಂಪನಿಯೇ. 1987ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿದುದಲ್ಲದೆ, ಭಾರತದ ತೀರ್ಪಿನಂತೆ ಹಣ ಪಾವತಿ ಮಾಡುವುದಾಗಿ ಕಂಪನಿಯು ಮೊದಲೇ ಒಪ್ಪಬೇಕೆಂದು ಕೀನನ್ ವಿಧಿಸಿದ್ದ ಷರತ್ತನ್ನೂ ತೆಗೆದುಹಾಕಿತು. ಅದೇ ವರ್ಷದ ಅಕ್ಟೋಬರ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಪ್ರಕರಣವನ್ನು ಪರಿಶೀಲನೆಗೆ ಎತ್ತಿಕೊಳ್ಳಲು ನಿರಾಕರಿಸಿತು. ಒಂದು ಬಾಗಿಲು ಹೀಗೆ ಮುಚ್ಚಿತು.

ಇತ್ತ ಭಾರತದಲ್ಲಿ ನ್ಯಾಯದ ಹೊಸ ಬಾಗಿಲೊಂದು ತೆರೆದಂತೆ ಕಂಡಿತ್ತು. 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠವು ಮಹತ್ವದ ಸೂತ್ರವೊಂದನ್ನು ಸಾರಿತು. ಅಪಾಯಕಾರಿ ಉದ್ಯಮವನ್ನು ನಡೆಸುವವನು ಅದರಿಂದಾದ ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಪೂರ್ಣ ಹೊಣೆಗಾರ. ಉದ್ಯಮವು ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು. ಅಪರಾಧಿಯ ಜಾಣ್ಮೆಯನ್ನೂ ಸಾಕ್ಷ್ಯದ ಸಂದುಗಳನ್ನೂ ಬದಿಗಿರಿಸಿ ಹಾನಿಯನ್ನೇ ನೇರವಾಗಿ ನೋಡುವ ಈ ಸೂತ್ರವನ್ನು ಭೋಪಾಲಕ್ಕೆ ಅನ್ವಯಿಸಿ ನೋಡುವ ಅವಕಾಶವೇ ಬರಲಿಲ್ಲ. ಭೋಪಾಲದ ಜಿಲ್ಲಾ ನ್ಯಾಯಾಲಯವು 1987ರ ಡಿಸೆಂಬರಿನಲ್ಲಿ 350 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ವಿಧಿಸಿತು. 1988ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಅದನ್ನು 250 ಕೋಟಿಗೆ ಇಳಿಸಿತು. ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿದ್ದದ್ದು ಈ ಮಧ್ಯಂತರ ಮೊತ್ತದ ಮೇಲ್ಮನವಿ ಮಾತ್ರ. ಆದರೆ 1989ರ ಫೆಬ್ರವರಿ 14 ಮತ್ತು 15ರ ಆದೇಶಗಳಿಂದ 47 ಕೋಟಿ ಡಾಲರ್‌ಗಳಿಗೆ ಇಡೀ ದಾವೆಯೇ ಇತ್ಯರ್ಥವಾಗಿಹೋಯಿತು. ಸರ್ಕಾರವು ತಾನೇ ಕೇಳಿದ್ದದ್ದು 330 ಕೋಟಿ ಡಾಲರ್. ಒಪ್ಪಿದ್ದು ಅದರ ಏಳನೆಯ ಒಂದು ಭಾಗ. ಈ ಸುದ್ದಿ ಕೇಳಿ ಪೇಟೆಯಲ್ಲಿ ಕಂಪನಿಯ ಷೇರಿನ ಬೆಲೆ ಏರಿತು. ದಂಡ ತೆತ್ತವನ ಬೆಲೆ ಏರಿತೆಂದರೆ ದಂಡ ಎಷ್ಟು ಹಗುರವಾಗಿದ್ದಿರಬೇಕೆಂಬುದನ್ನು ವಾಣಿಜ್ಯ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಮೊತ್ತವನ್ನು ಯಾವ ಎಣಿಕೆಯ ಮೇಲೆ ಕಟ್ಟಲಾಯಿತೆಂಬುದನ್ನು ನ್ಯಾಯಾಲಯವು 1989ರ ಮೇ 4ರ ಆದೇಶದಲ್ಲಿ ವಿವರಿಸಿತು. ಸತ್ತವರು ಸುಮಾರು 3,000; ನೊಂದವರೆಲ್ಲ ಸೇರಿ ಸುಮಾರು 1 ಲಕ್ಷ. ಮುಂದೆ ಪರಿಹಾರ ಪಡೆದ ಪ್ರಕರಣಗಳಾದರೋ 5 ಲಕ್ಷ 70 ಸಾವಿರಕ್ಕೂ ಹೆಚ್ಚು. 2010ರ ಹೊತ್ತಿಗೆ ಸರ್ಕಾರವೇ ಒಪ್ಪಿದ ಸಾವುಗಳ ಸಂಖ್ಯೆ 5,295. ಒಂದು ಚೀಲದ ಬೆಲೆ ಕೊಟ್ಟು ಐದು ಚೀಲ ಒಯ್ದವನು 'ಚೀಟಿಗೆ ಸಹಿ ಆಗಿದೆ' ಎಂದು ವಾದಿಸಿದರೆ ಯಾವ ಮಂಡಿಯ ಪಂಚರೂ ಒಪ್ಪಲಾರರು. ಇಲ್ಲಿ ಆ ಚೀಟಿಗೆ ಸಹಿ ಹಾಕಿದವರಲ್ಲಿ ನೊಂದವನೊಬ್ಬನೂ ಇರಲಿಲ್ಲ. ರಾಜಿಗೆ ಮುನ್ನ ಅವರ ಮಾತನ್ನು ಕೇಳಬೇಕಾಗಿತ್ತೆಂದು ನ್ಯಾಯಾಲಯವೇ ಆಮೇಲೆ ಒಪ್ಪಿಕೊಂಡಿತು. ಪುನರ್ವಿಚಾರಣೆಯಲ್ಲಿ ಕೇಳಿದರೆ ಸಾಕೆಂದು ಸಮಾಧಾನವನ್ನೂ ಹೇಳಿತು.

ಆ ಪುನರ್ವಿಚಾರಣೆಯ ತೀರ್ಪು 1991ರ ಅಕ್ಟೋಬರ್ 3ರಂದು ಬಂದಿತು. ಬಹುಮತದ ತೀರ್ಪನ್ನು ಬರೆದವರು ನಮ್ಮ ಕನ್ನಡ ನಾಡಿನವರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಆದ ಎಂ.ಎನ್. ವೆಂಕಟಾಚಲಯ್ಯನವರು. ರಾಜಿಯ ಜೊತೆಗೆ ಕೊಟ್ಟಿದ್ದ ಕ್ರಿಮಿನಲ್ ಮೊಕದ್ದಮೆಗಳ ಮಾಫಿಯನ್ನು ಈ ತೀರ್ಪು ರದ್ದುಗೊಳಿಸಿತು. ಹಣದ ರಾಜಿಯನ್ನು ಉಳಿಸಿತು. ವಿಷಾನಿಲದ ಪರಿಣಾಮವು ವರ್ಷಗಳ ಮೇಲೆ ತಲೆದೋರಬಹುದು, ಅಂಥ ಸಂದರ್ಭದಲ್ಲಿ ಲೆಕ್ಕವನ್ನು ಮತ್ತೆ ತೆರೆಯಲು ರಾಜಿಯಲ್ಲಿ ಅವಕಾಶವಿಲ್ಲ ಎಂಬ ಆಕ್ಷೇಪವನ್ನು ತೀರ್ಪು ತಳ್ಳಿಹಾಕಿ ಮುಂದೆ ಸಾಗಲಿಲ್ಲ. ಅವಕಾಶವಿಲ್ಲದಿರುವುದರಿಂದ ರಾಜಿ ಅಸಿಂಧುವಾಗದೆಂದು ಹೇಳಿ, ಆ ಕೊರತೆಗೆ ಎರಡು ಬದಲಿ ಆಸರೆಗಳನ್ನು ಒದಗಿಸಿತು. ಇನ್ನೂ ರೋಗಲಕ್ಷಣ ಕಾಣದ ಸುಮಾರು 1 ಲಕ್ಷ ಜನರಿಗೆ ಸಾಮೂಹಿಕ ವೈದ್ಯಕೀಯ ವಿಮೆ ಮಾಡಿಸಬೇಕು. ಪರಿಹಾರ ನಿಧಿ ಸಾಲದೆ ಹೋದರೆ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಿಕೊಡಬೇಕು. ನ್ಯಾಯಮೂರ್ತಿ ಎ.ಎಂ. ಅಹಮದಿಯವರು ಈ ಎರಡನೆಯ ನಿರ್ದೇಶನವನ್ನು ಒಪ್ಪಲಿಲ್ಲ. ಕಂಪನಿಯ ಬಾಕಿಯನ್ನು ಪ್ರಜೆಗಳ ತೆರಿಗೆಯಿಂದ ತೀರಿಸುವುದು ಸರಿಯೇ ಎಂಬ ಪ್ರಶ್ನೆ ಅಂದಿಗೂ ಇತ್ತು, ಇಂದಿಗೂ ಇದೆ. ಅದೇನೇ ಇರಲಿ, ರಾಜಿಯು ನ್ಯಾಯಸಮ್ಮತವೆನಿಸಿಕೊಂಡದ್ದು ಈ ಎರಡು ಊರುಗೋಲುಗಳ ಬಲದ ಮೇಲೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಲೆಕ್ಕವನ್ನು ಮತ್ತೆ ತೆರೆಯುವ ಷರತ್ತು ಎಂಬುದು ಲೋಕದಲ್ಲಿ ಕಾಣದ ವಿಚಿತ್ರವೇನಲ್ಲ. ಭೋಪಾಲದ ರಾಜಿಯಾದ ಮರುತಿಂಗಳು, 1989ರ ಮಾರ್ಚಿನಲ್ಲಿ, ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗಿನಿಂದ ತೈಲ ಸೋರಿ ಕಡಲಹಕ್ಕಿಗಳೂ ನೀರುನಾಯಿಗಳೂ ಅಸಂಖ್ಯವಾಗಿ ಸತ್ತವು. 1991ರಲ್ಲಿ ಅಲ್ಲಿಯ ಸರ್ಕಾರಗಳು ಎಕ್ಸಾನ್ ಕಂಪನಿಯೊಡನೆ 90 ಕೋಟಿ ಡಾಲರ್‌ಗಳ ಸಿವಿಲ್ ರಾಜಿ ಮಾಡಿಕೊಂಡವು. ಆಗ ಊಹಿಸಲಾಗದ ಹಾನಿಯು ಮುಂದೆ ತಿಳಿದುಬಂದರೆ ಇನ್ನೂ 10 ಕೋಟಿ ಡಾಲರ್‌ಗಳವರೆಗೆ ಕೇಳಬಹುದೆಂಬ ಷರತ್ತು ಅದರಲ್ಲಿತ್ತು. ಹಕ್ಕಿಗಳಿಗೂ ನೀರುನಾಯಿಗಳಿಗೂ ಇಷ್ಟು ವೆಚ್ಚವೇ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾವಿಲ್ಲ. ಅವೂ ನೋವನ್ನರಿಯುವ ಜೀವಗಳೇ. ನಮ್ಮ ಪ್ರಶ್ನೆ ಬೇರೆ. ಕಡಲ ದಂಡೆಯ ಹಾನಿಗೆ ಮುಂದಿನ ವರ್ಷಗಳ ಲೆಕ್ಕವನ್ನು ತೆರೆದಿಡಬಹುದಾದರೆ, ಮನುಷ್ಯರ ಶ್ವಾಸಕೋಶಕ್ಕೂ ಕಣ್ಣಿಗೂ ಗರ್ಭಕ್ಕೂ ಆದ ಹಾನಿಗೆ ಅದನ್ನೇಕೆ ತೆರೆದಿಡಲಿಲ್ಲ? ಕೇಳಬೇಕಾಗಿದ್ದ ಪಾಲಕನು ಕೇಳಲಿಲ್ಲ ಎಂಬುದೊಂದೇ ಇದಕ್ಕೆ ಉತ್ತರ.

ಊರುಗೋಲುಗಳ ಗತಿ ಏನಾಯಿತು? ವಿಮೆಯನ್ನು ಮಾಡಿಸಲೇ ಇಲ್ಲ. ಒಂದೆರಡು ವರ್ಷಗಳ ವಿಳಂಬವಲ್ಲ. ಮೂರು ದಶಕಗಳು ಕಳೆದರೂ ಸರ್ವೋಚ್ಚ ನ್ಯಾಯಾಲಯದ ಸ್ಪಷ್ಟ ನಿರ್ದೇಶನವು ಕಾಗದದಲ್ಲಿಯೇ ಉಳಿಯಿತು. ಪರಿಹಾರ ಪಡೆದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರನ್ನು ಅಲ್ಪ ಗಾಯದವರೆಂದು ವರ್ಗೀಕರಿಸಿ, ಹೆಚ್ಚಿನವರಿಗೆ 25,000 ರೂಪಾಯಿ ಕೊಡಲಾಯಿತು. ಬಡ್ಡಿಯಿಂದಲೂ ಡಾಲರಿನ ಬೆಲೆಯೇರಿಕೆಯಿಂದಲೂ ಬೆಳೆದಿದ್ದ ನಿಧಿಯಲ್ಲಿ ಉಳಿದಿದ್ದ 1,500 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು 2004ರ ಆದೇಶದಂತೆ ಅವರಿಗೇ ಹಂಚಲಾಯಿತು. ಹಣ ಮಿಕ್ಕಿತ್ತೆಂಬುದನ್ನೇ ಹಿಡಿದು ಪರಿಹಾರ ಸಾಕಾಗಿತ್ತೆಂದು ವಾದಿಸುವವರಿದ್ದಾರೆ. ಎಲೆಗೆ ಒಂದೊಂದೇ ತುತ್ತು ಬಡಿಸಿದರೆ ಪಾತ್ರೆಯಲ್ಲಿ ಅನ್ನ ಮಿಗುವುದು ಸಹಜ. ಅದರಿಂದ ಉಂಡವರ ಹೊಟ್ಟೆ ತುಂಬಿತೆಂದು ಸಿದ್ಧವಾಗುವುದಿಲ್ಲ. ಬದುಕಿರುವವರೆಗೂ ಬಿಡದ ಕಾಯಿಲೆಯನ್ನು ತಾತ್ಕಾಲಿಕವೆಂದು ಬರೆದುಕೊಂಡರೆಂಬುದು ಸಂತ್ರಸ್ತರ ಸಂಘಟನೆಗಳ ಬಹುಕಾಲದ ದೂರು.

ಇನ್ನು 2023ರ ತೀರ್ಪು. ಕ್ಯುರೇಟಿವ್ ಅರ್ಜಿಯೆಂದರೆ ಪುನರ್ವಿಚಾರಣೆಯೂ ಮುಗಿದ ಮೇಲೆ, ಘೋರವಾದ ಅನ್ಯಾಯವನ್ನು ಸರಿಪಡಿಸಲೆಂದು ಸರ್ವೋಚ್ಚ ನ್ಯಾಯಾಲಯವು 2002ರ ತೀರ್ಪೊಂದರಲ್ಲಿ ತಾನೇ ಕಲ್ಪಿಸಿಕೊಂಡ ಕೊನೆಯ ಕಿರುಬಾಗಿಲು. ಸರ್ಕಾರವು 2010ರಲ್ಲಿ ಈ ಬಾಗಿಲಿಗೆ ಬಂದು ಕಂಪನಿಗಳಿಂದ ಸುಮಾರು 7,800 ಕೋಟಿ ರೂಪಾಯಿಗಳನ್ನು ಹೆಚ್ಚುವರಿಯಾಗಿ ಕೇಳಿತು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ನೇತೃತ್ವದ ಪೀಠವು ಕೊಟ್ಟ ಕಾರಣಗಳನ್ನು ಪ್ರಾಮಾಣಿಕವಾಗಿ ಹೇಳುವುದು ನಮ್ಮ ಕರ್ತವ್ಯ. ವಂಚನೆ ನಡೆದಿದ್ದರೆ ಮಾತ್ರ ರಾಜಿಯನ್ನು ಬದಿಗೊತ್ತಬಹುದು. ಅಂಥ ಆಪಾದನೆಯನ್ನು ಸರ್ಕಾರ ಮಾಡಿಲ್ಲ. ಎರಡು ದಶಕಗಳ ಮೇಲೆ ಈ ವಿಷಯವನ್ನು ಏಕೆ ಎತ್ತಲಾಯಿತೆಂಬುದಕ್ಕೆ ತಕ್ಕ ಸಮಜಾಯಿಷಿಯಿಲ್ಲ. ಕೊರತೆಯಿದ್ದರೆ ತುಂಬುವ ಹೊಣೆ 1991ರಲ್ಲೇ ಸರ್ಕಾರದ ಮೇಲೆ ಬಿದ್ದಿದೆ. ವಿಮೆ ಮಾಡಿಸದೆ ಹೋದದ್ದು ಸರ್ಕಾರದ ಘೋರ ನಿರ್ಲಕ್ಷ್ಯ. ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಉಳಿದಿರುವ 50 ಕೋಟಿ ರೂಪಾಯಿಗಳನ್ನು ಬಾಕಿಯಿರುವ ಬೇಡಿಕೆಗಳಿಗೆ ಬಳಸಬಹುದು.

ಈ ಕಾರಣಗಳನ್ನು ಬಿಡಿಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಒಟ್ಟಾಗಿ ನೋಡಿದಾಗ ಮಾತ್ರ ಅದರಲ್ಲಿನ ವೈಪರೀತ್ಯ ಗೋಚರವಾಗುತ್ತದೆ. ತಡಮಾಡಿದವನು ಪಾಲಕ, ವಂಚನೆಯ ವಾದವನ್ನು ಹೂಡದೆ ಬಿಟ್ಟವನು ಪಾಲಕ, ವಿಮೆಯನ್ನು ಮರೆತವನೂ ಪಾಲಕನೇ. ಅರ್ಜಿ ವಜಾ ಆದಾಗ ಬರಿಗೈಯಲ್ಲಿ ಉಳಿದವನು ಮಾತ್ರ ಪಾಲಿತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅಪ್ರಾಪ್ತ ವಯಸ್ಕನ ಪರವಾಗಿ ಪಾಲಕನು ನ್ಯಾಯಾಲಯದ ಅನುಮತಿಯಿಲ್ಲದೆ ಮಾಡಿಕೊಂಡ ರಾಜಿಯನ್ನು ಆ ಅಪ್ರಾಪ್ತನು ರದ್ದುಪಡಿಸಿಕೊಳ್ಳಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದ 7ನೆಯ ನಿಯಮ ಹೇಳುತ್ತದೆ. ಭೋಪಾಲದ ರಾಜಿಗೆ ನ್ಯಾಯಾಲಯದ ಅನುಮತಿಯಿತ್ತು, ನಿಜ. ಆದರೆ ಆ ನಿಯಮದ ಹಿಂದಿನ ಕಾಳಜಿ ಯಾವುದು? ಪಾಲಕನ ಉದಾಸೀನದಿಂದ ಪಾಲಿತನು ಕೆಡಬಾರದೆಂಬುದೇ. ಅನುಮತಿ ಕೊಟ್ಟ ನ್ಯಾಯಾಲಯದ ಮೇಲೆ ಆ ಕಾಳಜಿಯ ಭಾರ ಇನ್ನೂ ಹೆಚ್ಚಾಗಿ ಬೀಳುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. 1991ರಲ್ಲಿ ಬದಲಿ ಆಸರೆಯನ್ನು ತೋರಿಸಿ ರಾಜಿಯನ್ನು ಉಳಿಸಿದ ನ್ಯಾಯಪೀಠವು, ಆ ಆಸರೆ ದೊರಕಲೇ ಇಲ್ಲವೆಂದು 2023ರಲ್ಲಿ ತಾನೇ ದಾಖಲಿಸಿದ ಮೇಲೂ ರಾಜಿಯನ್ನು ಹಾಗೆಯೇ ಉಳಿಸಿದ್ದು ತರ್ಕಕ್ಕೆ ನಿಲುಕದ ಸಂಗತಿ. ಕೊನೆಯ ಪಕ್ಷ ಸರ್ಕಾರಕ್ಕೆ ಇಂತಿಷ್ಟು ಅವಧಿಯೊಳಗೆ ಇಂತಿಷ್ಟು ಕೊಡೆಂದು ಕಟ್ಟಪ್ಪಣೆ ಮಾಡಿದ್ದರೂ ಆ ದಿನ ಸಾರ್ಥಕವಾಗುತ್ತಿತ್ತು.

ಕಂಪನಿಯ ಮಾತಿಗೆ ಬರೋಣ. ಭಾರತೀಯ ಅಂಗಸಂಸ್ಥೆಯ ಷೇರುಗಳನ್ನು ಮೂಲ ಕಂಪನಿಯು 1994ರಲ್ಲಿ ಮಾರಿತು. 2001ರಲ್ಲಿ ಆ ಮೂಲ ಕಂಪನಿಯನ್ನೇ ಡೌ ಕೆಮಿಕಲ್ ಸಂಸ್ಥೆ ಪೂರ್ತಿಯಾಗಿ ಕೊಂಡಿತು. ಭೋಪಾಲದ ಹೊಣೆ ಮಾತ್ರ ತನ್ನದಲ್ಲವೆಂದು ಅಂದಿನಿಂದಲೂ ಹೇಳುತ್ತ ಬಂದಿದೆ. ಆದರೆ ಡೌ ಒಡೆತನದಲ್ಲಿದ್ದ ಅದೇ ಯೂನಿಯನ್ ಕಾರ್ಬೈಡ್, ಅಮೆರಿಕದಲ್ಲಿ ಕಲ್ನಾರಿನಿಂದ ರೋಗಗ್ರಸ್ತರಾದವರ ದಾವೆಗಳಿಗಾಗಿ 2002ರ ಲೆಕ್ಕಪತ್ರದಲ್ಲಿ ಸುಮಾರು 220 ಕೋಟಿ ಡಾಲರ್‌ಗಳನ್ನು ತೆಗೆದಿರಿಸಿತು. ಒಂದೇ ಕಂಪನಿ, ಒಂದೇ ಅಢಾವೆ ಪತ್ರಿಕೆ. ಹಳೆಯ ಪಾಪದ ಒಂದು ಬಾಬು ಹೊಣೆಗಾರಿಕೆಯ ಕಾಲಂನಲ್ಲಿದೆ, ಇನ್ನೊಂದು ಬಾಬು ಎಲ್ಲಿಯೂ ಇಲ್ಲ. ಮೊದಲ ಬಾಬಿನವರು ನ್ಯಾಯಾಲಯದ ಬಾಗಿಲು ತೆರೆದಿರುವ ದೇಶದವರು. ಎರಡನೆಯ ಬಾಬಿನವರು ಆ ಬಾಗಿಲನ್ನು ಮುಚ್ಚಿಸಿಕೊಂಡವರು. ವ್ಯತ್ಯಾಸ ಇಷ್ಟೇ.

ವ್ಯವಹಾರಸ್ಥರಲ್ಲಿ ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮುಗಿದ ರಾಜಿಗಳನ್ನು ಮೂವತ್ತು ವರ್ಷಗಳ ಮೇಲೆ ಕೆದಕಿದರೆ ಯಾರು ಬಂಡವಾಳ ಹೂಡುತ್ತಾರೆ, ಯಾರು ರಾಜಿಗೆ ಒಪ್ಪುತ್ತಾರೆ ಎಂಬುದೇ ಆ ಆಕ್ಷೇಪ. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಕೊಟ್ಟ ಮಾತಿಗೆ ಕೊನೆಯೆಂಬುದಿರಬೇಕು, ಇಲ್ಲವಾದರೆ ವ್ಯಾಪಾರವೇ ನಡೆಯದು. ಆದರೆ ಆ ಸ್ಥಿರತೆಯು ಸಮಾನರು ಕುಳಿತು ಮಾಡಿಕೊಂಡ ಮಾತಿಗೆ ಸಲ್ಲುವ ಗೌರವ. ಒಬ್ಬನನ್ನು ಕೋಣೆಯ ಹೊರಗೆ ನಿಲ್ಲಿಸಿ ಅವನ ನೋವಿನ ಬೆಲೆಯನ್ನು ಉಳಿದವರು ಗೊತ್ತುಮಾಡಿದರೆ, ಅದಕ್ಕೆ ಅದೇ ಗೌರವವನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಮುಂದೆ ಕೆದಕುವ ಪ್ರಸಂಗ ಬರಬಾರದೆಂದಿದ್ದರೆ ಮೊದಲೇ ಸರಿಯಾಗಿ ಎಣಿಸುವುದು, ಅಲಾಸ್ಕದಲ್ಲಿ ಮಾಡಿದಂತೆ ಇಂತಿಷ್ಟು ವರ್ಷಗಳವರೆಗೆ ಇಂತಿಷ್ಟು ಮೊತ್ತಕ್ಕೆ ಬಾಗಿಲು ತೆರೆದಿಡುವುದು ವಿವೇಕದ ದಾರಿ. ಅದರಿಂದ ಎಕ್ಸಾನ್ ಕಂಪನಿಯೇನೂ ಮುಳುಗಲಿಲ್ಲ.

ಸೀಮಿತ ಹೊಣೆಗಾರಿಕೆಯೆಂಬುದು ವಾಣಿಜ್ಯಕ್ಕೆ ಉಪಕಾರ ಮಾಡಿದ ವ್ಯವಸ್ಥೆ. ಷೇರುದಾರನು ಹೂಡಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂಬ ಆ ಭರವಸೆಯಿಂದಲೇ ದೊಡ್ಡ ಉದ್ಯಮಗಳು ತಲೆಯೆತ್ತಿದವು. ಆದರೆ ಅದು ಹಣದ ಹೊಣೆಗೆ ಹಾಕಿದ ಎಲ್ಲೆಯೇ ಹೊರತು ಕರ್ಮಕ್ಕೆ ಹಾಕಿದ ಎಲ್ಲೆಯಲ್ಲ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಅನುಮೋದಿಸಿದ್ದು ಈ ಮೂರೂ ಸಮಾನವಾಗಿ ಬಂಧಕಾರಣಗಳೆಂಬುದು ನಮ್ಮ ಆಚಾರ್ಯರ ನಿಲುವು. ಕೃತ, ಕಾರಿತ, ಅನುಮೋದಿತ ಎಂಬ ಈ ತ್ರಿವಿಧ ವಿಭಾಗವನ್ನು ಕಂಪನಿಗೆ ಹೊಂದಿಸಿ ನೋಡಬಹುದು. ಕವಾಟದ ಬಳಿ ನಿಂತ ಕೆಲಸಗಾರನು ಮೊದಲನೆಯದರಲ್ಲಿ ಬಂದರೆ, ಖರ್ಚಿನ ಕಡಿತಕ್ಕೆಂದು ಸುರಕ್ಷಾ ಯಂತ್ರವನ್ನು ನಿಲ್ಲಿಸಲು ಹೇಳಿದ ಅಧಿಕಾರಿ ಎರಡನೆಯದರಲ್ಲಿ ಬರುತ್ತಾನೆ. ಆ ಕಡಿತದಿಂದ ಉಳಿದ ಹಣವನ್ನು ಲಾಭಾಂಶವೆಂದು ಪಡೆದು ಸುಮ್ಮನಿದ್ದವನು ಮೂರನೆಯದರಲ್ಲಿ ಬರುತ್ತಾನೆ. ನ್ಯಾಯಾಲಯಗಳು ಮೊದಲಿಬ್ಬರ ವರೆಗೆ ಹೋಗಲು ತಿಣುಕಿದವು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯವು ಭಾರತೀಯ ಅಧಿಕಾರಿಗಳಿಗೆ ವಿಧಿಸಿದ ಶಿಕ್ಷೆ ಎರಡು ವರ್ಷ ಮಾತ್ರ, ಅವರಿಗೆ ಜಾಮೀನೂ ಕೂಡಲೇ ದೊರೆಯಿತು. ಮೂರನೆಯವನ ತನಕ ಹೋಗುವುದು ಕಾನೂನಿಗೆ ಸಾಧ್ಯವಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಅವನದೇ ಆತ್ಮಸಾಕ್ಷಿ.

ಹಾಗಾದರೆ ಈಗ ಆಗಬೇಕಾದದ್ದೇನು? ನ್ಯಾಯಾಲಯವು ಕಂಪನಿಯನ್ನು ಬಿಟ್ಟಿತಾದರೂ ಸರ್ಕಾರವನ್ನು ಬಿಟ್ಟಿಲ್ಲ. 1991ರ ತೀರ್ಪೂ 2023ರ ತೀರ್ಪೂ ಕೊರತೆಯ ಹೊಣೆಯನ್ನು ಕೇಂದ್ರ ಸರ್ಕಾರದ ತಲೆಗೇ ಕಟ್ಟಿವೆ. 7,800 ಕೋಟಿ ರೂಪಾಯಿ ಕೊರತೆಯಿದೆಯೆಂದು ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿ ಹೇಳಿದ ಸರ್ಕಾರವು, ಅರ್ಜಿ ವಜಾ ಆದೊಡನೆ ಕೊರತೆಯೇ ಇಲ್ಲವೆನ್ನಲು ಬರುವುದಿಲ್ಲ. ತನ್ನ ಬಾಯಿಂದಲೇ ಒಪ್ಪಿದ ಬಾಕಿಯನ್ನು ಅದು ಕಂತುಗಳಲ್ಲಾದರೂ ತೀರಿಸಬೇಕು. ತಾತ್ಕಾಲಿಕವೆಂದು ಬರೆಸಿಕೊಂಡು ಜೀವನವಿಡೀ ನರಳುತ್ತಿರುವವರ ವರ್ಗೀಕರಣವನ್ನು ವೈದ್ಯಕೀಯ ದಾಖಲೆಗಳ ಆಧಾರದ ಮೇಲೆ ಮತ್ತೊಮ್ಮೆ ಪರಿಶೀಲಿಸಬೇಕು. ಮಾಡಿಸದೆ ಬಿಟ್ಟ ವಿಮೆಯ ಬದಲಿಗೆ, ಉಳಿದಿರುವವರಿಗಾದರೂ ಆಜೀವ ಚಿಕಿತ್ಸೆಯ ಖಾತರಿ ಕೊಡಬೇಕು. ಕಾರ್ಖಾನೆಯ ಆವರಣದಲ್ಲಿ ದಶಕಗಳ ಕಾಲ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ ಜೂನ್ ಅಂತ್ಯದ ವೇಳೆಗೆ ಸುಡಲಾಯಿತು. ಅದರ ವೆಚ್ಚವೂ ಸರ್ಕಾರದ ಬೊಕ್ಕಸದ್ದೇ. ತ್ಯಾಜ್ಯಕ್ಕೆ ವೆಚ್ಚ ಮಾಡಬಲ್ಲ ಬೊಕ್ಕಸವು ಮನುಷ್ಯರಿಗೆ ಇಲ್ಲವೆನ್ನಬಾರದು.

ಮುಂದಿನ ಭೋಪಾಲಗಳನ್ನು ತಡೆಯಲು ಕಾಯಿದೆಯೂ ಬದಲಾಗಬೇಕು. ಸಾಮೂಹಿಕ ದುರಂತದಲ್ಲಿ ಸಂತ್ರಸ್ತರ ಪರವಾಗಿ ಯಾರೇ ರಾಜಿ ಮಾಡಿಕೊಳ್ಳಲಿ, ಮೊದಲು ಅವರ ಮಾತನ್ನು ಕೇಳಿರಬೇಕು. ಮುಂದೆ ತೋರಿಬರುವ ಹಾನಿಗೆ ನಿಯತ ಅವಧಿಯವರೆಗೆ ಲೆಕ್ಕ ತೆರೆಯುವ ಷರತ್ತಿರಬೇಕು. ಅಪಾಯಕಾರಿ ಉದ್ಯಮದಲ್ಲಿ ಅಂಗಸಂಸ್ಥೆಯ ಹೊಣೆ ಮೂಲ ಕಂಪನಿಗೂ, ಅದನ್ನು ಕೊಂಡವರಿಗೂ ತಾನಾಗಿಯೇ ಅಂಟಿಕೊಂಡು ಬರಬೇಕು. ಅಂಗಡಿಯನ್ನು ಹೆಸರು ಸಮೇತ ಕೊಂಡವನು ಅದರ ಸಾಲವನ್ನೂ ಕೊಂಡನೆಂಬುದು ನಮ್ಮ ಹಿರಿಯರ ಪೇಟೆಯಲ್ಲಿ ಎಲ್ಲರೂ ಒಪ್ಪಿದ್ದ ನಡಾವಳಿ.

ಈ ಪತ್ರಿಕೆಯ ವಾಚಕರಲ್ಲಿ ಉದ್ಯಮಿಗಳಿದ್ದಾರೆ, ನಿರ್ದೇಶಕರಿದ್ದಾರೆ, ಷೇರುಗಳಲ್ಲಿ ಉಳಿತಾಯ ತೊಡಗಿಸಿದವರು ಬಹುಮಂದಿ ಇದ್ದಾರೆ. ವಾರ್ಷಿಕ ಮಹಾಸಭೆಯ ನೋಟೀಸು ಬಂದಾಗ ಲಾಭಾಂಶದ ಸಾಲನ್ನು ಮಾತ್ರ ಓದಿ ಮಡಚಿಡುವುದು ನಮ್ಮಲ್ಲಿ ರೂಢಿಯಾಗಿದೆ. ಸುರಕ್ಷತೆಗೆ ಈ ವರ್ಷ ಎಷ್ಟು ವೆಚ್ಚವಾಯಿತು, ಎಷ್ಟು ಕಡಿತವಾಯಿತು, ಯಾರ ಮೇಲೆ ಯಾವ ಬಾಕಿ ಉಳಿದಿದೆ ಎಂದು ಕೇಳುವ ಹಕ್ಕು ಒಂದೇ ಷೇರುಳ್ಳವನಿಗೂ ಉಂಟು. ಆ ಪ್ರಶ್ನೆಯನ್ನು ಬರೆದು ಕಳುಹಿಸಲು ಒಂದು ಅಂಚೆಚೀಟಿ ಸಾಕು. ಮುಂದಿನ ಮಹಾಸಭೆಗೆ ಮುನ್ನ ಅದನ್ನು ಕೇಳೋಣ.